ಆರನೆಯ ಪುಟದ ರೂಲು

ಜೂನ್ ೪

ಬಾಯಿಗೆ ಬೀಗ ಹಾಕಿಕೊಂಡಿರುವ ಅಳಿಯಂದಿರಿಗೆ, ಮಾವನ ಆಶೀರ್ವಾದ.

ಮಗಳು ಗುಬ್ಬಿಯ ಕಾಗದ ನಿನ್ನೆ ತಲುಪಿತು. ನಿಮ್ಮ ಗಂಟಲಿನ ಆಪರೇಷನ್ ಆಯಿತೆಂದೂ, ಧ್ವನಿತಂತುವಿನ ಮೇಲಿದ್ದ ಗಂಟುಗಳನ್ನು ತೆಗೆದರೆಂದೂ, ಹತ್ತು ವಾರ ತುಟಿ ಪಿಟಕ್ಕೆನ್ನಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆಂದೂ ಬರೆದಿದ್ದಾಳೆ. ಗೊಣಗುವುದೂ ಕೂಡದು, ಪಿಸುಗುಟ್ಟುವುದೂ ಕೂಡದಂತೆ. ಓದಿ ಮೊದಲು ಹೆದರಿದೆ. ಆಮೇಲೆ, ಸಿಟ್ಟಾಗಬೇಡಿ, ಸ್ವಲ್ಪ ನಗುವೂ ಬಂತು. ತರಕಾರಿ ಮಂಡಿಯಲ್ಲಿ ಹದಿನಾರು ವರ್ಷ ಹರಾಜು ಕೂಗಿದ ಗಂಟಲು ನಿಮ್ಮದು. ಮದುವೆಯ ದಿನ ನೀವು ಊಟಕ್ಕೆ ಏಳಿ ಎಂದು ನಿಮ್ಮ ಮಟ್ಟಿಗೆ ಮೆಲ್ಲಗೆ ಕರೆದದ್ದಕ್ಕೆ ಪಕ್ಕದ ಬೀದಿಯವರು ಎದ್ದು ಬಂದಿದ್ದರು.

ಇನ್ನು ನನ್ನ ಕಿವಿಯ ಸಂಗತಿ ನಿಮಗೆ ಗೊತ್ತೇ ಇದೆ. ಹತ್ತಿರ ಬಂದು ಕೂಗಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನನಗೆ ಕಿವಿ ಇಲ್ಲ, ನಿಮಗೆ ಈಗ ಬಾಯಿ ಇಲ್ಲ, ಫೋನು ನಮ್ಮಿಬ್ಬರ ನಡುವೆ ದಂಡ. ಆದ್ದರಿಂದ ಬರೆಯುತ್ತಿದ್ದೇನೆ. ನಲವತ್ತೊಂದು ವರ್ಷ ಪುಸ್ತಕಕ್ಕೆ ಬೈಂಡು ಹಾಕಿದವನಿಗೆ ಕಾಗದ ಮುಟ್ಟದೆ ಕೂತರೆ ಕೈ ತುರಿಸುತ್ತದೆ.

ಕಮಿಂಗ್ ಟು ದ ಪಾಯಿಂಟ್. ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಹೀಗೆನ್ನುತ್ತಿದ್ದರು. ಪಾಪ, ಅವರೂ ವಿಷಯಕ್ಕೆ ಬರುತ್ತಿರಲಿಲ್ಲ. ನಾನು ಕಾಲೇಜು ಕಂಡದ್ದು ಒಂದೂವರೆ ವರ್ಷ. ಉಳಿದ ಇಂಗ್ಲಿಷೆಲ್ಲ ಬೈಂಡಿಂಗಿಗೆ ಬಂದ ಪುಸ್ತಕಗಳದ್ದು. ಹೊಲಿಗೆ ಹಾಕುವಾಗ ಎದುರಿಗೆ ಬಿದ್ದ ಪುಟ ಓದುತ್ತಿದ್ದೆ, ಹಾಗಾಗಿ ಯಾವ ಪುಸ್ತಕದ ಕೊನೆಯೂ ನನಗೆ ಗೊತ್ತಿಲ್ಲ.

ವಿಷಯ ಇಷ್ಟು. ನಿಮ್ಮ ಕೂಲಿಯಲ್ಲಿ ಮಂಡಿಯ ಸಂಘದವರು ವಾರವಾರ ವಿಮೆಗೆಂದು ಮುರಿದುಕೊಳ್ಳುತ್ತಾರಲ್ಲ, ಕಾಯಿಲೆಯ ಕಾಲಕ್ಕೆ ಅದರಿಂದ ಏನಾದರೂ ಸಿಗುತ್ತದೆಯೇ ಎಂದು ಗುಬ್ಬಿ ಕೇಳಿದ್ದಳು. ಇಲ್ಲಿನ ವಿಮಾ ಕಚೇರಿಗೆ ಹೋದೆ. ಕೌಂಟರಿನ ಹೆಂಗಸು ಏನೇನೋ ವಿವರಿಸಿದಳು. ನನಗೆ ಕೇಳಿಸದಿದ್ದರೂ ಹೂಂ ಹೂಂ ಅಂದೆ. ಕೊನೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಗಳನ್ನು ಕೊಟ್ಟಳು. ನನಗೊಂದು ನಿಮಗೊಂದು ಇರಲೆಂದು ಎರಡು ಸೆಟ್ ಕೇಳಿ ತಂದೆ. ಬಿಡಿ ಹಾಳೆ ಕಂಡರೆ ನನಗಾಗದು. ಒಂದು ಉದ್ದ, ಒಂದು ಗಿಡ್ಡ ಬೇರೆ. ಒಂದೊಂದು ಸೆಟ್ಟನ್ನೂ ಸೇರಿಸಿ ಹೊಲಿದು, ಅಂಚು ಒಂದೇ ಅಳತೆಗೆ ಕತ್ತರಿಸಿ, ಪುಟಸಂಖ್ಯೆ ಹಾಕಿ, ಮೇಲೊಂದು ನೀಲಿ ರಟ್ಟು ಕೊಟ್ಟು ನಿಮ್ಮದನ್ನು ಇದರೊಂದಿಗೆ ಕಳಿಸಿದ್ದೇನೆ.

ರಾತ್ರಿ ಕೂತು ಓದಿದೆ. ಮೊದಲ ಐದು ಪುಟ ಆಸೆ ಹುಟ್ಟಿಸುತ್ತವೆ. ಆರನೆಯ ಪುಟದಲ್ಲಿ ಕೈ ಎತ್ತಿಬಿಡುತ್ತಾರೆ. ಅಲ್ಲಿರುವುದನ್ನು ಕನ್ನಡ ಮಾಡಿ ಬರೆಯುತ್ತೇನೆ: ಕಾಯಿಲೆ ಬಿದ್ದವರ ಗಂಡ ಅಥವಾ ಹೆಂಡತಿ ವಾರಕ್ಕೆ ಇಪ್ಪತ್ನಾಲ್ಕು ಗಂಟೆಗಿಂತ ಹೆಚ್ಚು ದುಡಿಯುತ್ತಿದ್ದರೆ ಅರ್ಜಿಯನ್ನು ಪರಿಗಣಿಸಲಾಗುವುದಿಲ್ಲ. ಫುಲ್ ಸ್ಟಾಪ್. ಇದು ನನಗೇನೂ ಹೊಸದಲ್ಲ. ನಿಮ್ಮ ಅತ್ತೆ ಕಾಯಿಲೆ ಬಿದ್ದಾಗಲೂ ಇದೇ ರೂಲು ಇತ್ತು. ಗುಬ್ಬಿ ಕೆಲಸಕ್ಕೆ ಹೋಗುತ್ತಿರುವುದರಿಂದ ನಿಮಗೆ ಸಿಗುವ ಹಾಗಿಲ್ಲ. ಅರ್ಜಿ ಗಿರ್ಜಿ ಅಂತ ಓಡಾಡಿ ದಣಿಯಬೇಡಿ. ನನ್ನ ಪೆನ್ಷನ್ನಿನಲ್ಲಿ ಆದದ್ದು ಕಳಿಸುತ್ತೇನೆ.

ಗಂಟಲು ಬೆಚ್ಚಗಿಟ್ಟುಕೊಳ್ಳಿ.

ನಿಮ್ಮ ಮಾವ

ಜೂನ್ ೧೧

ಮಾವನವರಿಗೆ ನಮಸ್ಕಾರ.

ನಾನು ಬರೆದು ಅಭ್ಯಾಸವಿಲ್ಲದವನು. ಮಂಡಿಯಲ್ಲಿ ಬರೆಯುವವರು ಬೇರೆ, ಕೂಗುವವರು ಬೇರೆ. ತಪ್ಪಿದ್ದರೆ ಮನ್ನಿಸಿ.

ನೋವು ಕಡಿಮೆಯಾಗಿದೆ. ಕತ್ತಿಗೆ ದಾರ ಕಟ್ಟಿ ಸ್ಲೇಟು ನೇತುಹಾಕಿಕೊಂಡಿದ್ದೇನೆ. ಕೆಳಗಿನ ಟೈಲರ್ ಅಂಗಡಿಯವರು ದಿನಾ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ನಿಂತು, 'ಏನು ಸ್ವಾಮಿ, ಇವತ್ತು ಟೊಮೆಟೊ ಎಷ್ಟಕ್ಕೆ ಹೋಯಿತು?' ಎಂದು ಕೇಳಿ ನಗುತ್ತಾರೆ. ಬರೆದು ತೋರಿಸುವಷ್ಟರಲ್ಲಿ ಒಳಗೆ ಹೋಗಿರುತ್ತಾರೆ. ಮನೆಯಲ್ಲೂ ಅದೇ ಪಾಡು. ಜಗಳದಲ್ಲಿ ನನ್ನ ಸರದಿ ಬಂದು, ನಾನು ಬಳಪ ಹುಡುಕಿ, ಅರ್ಧ ಸಾಲು ಬರೆಯುವುದರೊಳಗೆ ನಿಮ್ಮ ಮಗಳು ಪಾತ್ರೆ ತೊಳೆದು ಬೇರೆ ವಿಷಯಕ್ಕೆ ಹೋಗಿರುತ್ತಾಳೆ.

ಅವಳು ಎಂದಿನಂತೆ ಎಂಟಕ್ಕೆ ಹೊರಟು ಆರೂವರೆಗೆ ಬರುತ್ತಾಳೆ. ಕನ್ನಡಕದ ಗಾಜಿನ ಅಂಚು ಉಜ್ಜುವ ಯಂತ್ರ ಈಗ ಅವಳ ಕೈಯಲ್ಲಿದೆ. ಆರು ವರ್ಷ ಫ್ರೇಮು ಒರೆಸಿ, ಸ್ಕ್ರೂ ತಿರುಗಿಸಿ, ಈ ವರ್ಷ ಯಂತ್ರ ಸಿಕ್ಕಿದ್ದು. ದಾರಿಯಲ್ಲಿ ಯಾರದ್ದಾದರೂ ಕನ್ನಡಕ ನೋಡಿ, 'ಅದು ನಾನು ಉಜ್ಜಿದ್ದು' ಅನ್ನುತ್ತಾಳೆ. ಹೇಗೆ ಗೊತ್ತು ಎಂದು ನಾನು ಬರೆದು ಕೇಳಿದರೆ, 'ನಿಮಗೆ ನಿಮ್ಮ ದನಿ ಗೊತ್ತಾಗುತ್ತಿರಲಿಲ್ಲವಾ' ಅನ್ನುತ್ತಾಳೆ.

ನೀವು ಕಳಿಸಿದ ಪುಸ್ತಕ ತಲುಪಿತು. ಎರಡು ಸಲ ನೋಡಿದಳು. ಹೊಲಿಗೆ ಚೆನ್ನಾಗಿದೆ ಅಂದಳು. ಆರನೆಯ ಪುಟದ ಬಗ್ಗೆ ನೀವು ಬರೆದದ್ದನ್ನು ಓದಿ, ತನ್ನದು ವಾರಕ್ಕೆ ಎಷ್ಟು ಗಂಟೆ ಎಂದು ಬೆರಳು ಮಡಿಚಿ ಎಣಿಸಿದಳು. ನಲವತ್ತೆಂಟು. ಆಮೇಲೆ ಏನೂ ಹೇಳಲಿಲ್ಲ.

ಹಣ ಕಳಿಸಬೇಡಿ. ಸಾಗುತ್ತಿದೆ.

ನಿಮ್ಮ ಅಳಿಯ

ಜೂನ್ ೧೭

ಅಳಿಯಂದಿರಿಗೆ,

ನಿಮ್ಮ ಅಕ್ಷರ ನೋಡಿ ಸಂತೋಷವಾಯಿತು. ಇಷ್ಟು ದುಂಡಗೆ ಬರೆಯುವವರನ್ನು ಹದಿನಾರು ವರ್ಷ ಕೂಗಲು ಹಚ್ಚಿದ ಮಂಡಿಯವರ ಬುದ್ಧಿಗೆ ಏನೆನ್ನಬೇಕು.

ಗುಬ್ಬಿ ಏನೂ ಹೇಳಲಿಲ್ಲ ಎಂದು ಬರೆದಿದ್ದೀರಿ. ಅಂದರೆ ಸಮಾಧಾನ ಮಾಡಿಕೊಂಡಳು ಎಂದೇ ಅರ್ಥ. ಅವಳಮ್ಮನದೂ ಇದೇ ಗುಣ. ಒಪ್ಪಿಗೆಯಾದರೆ ಮಾತಿಲ್ಲ, ಒಪ್ಪಿಗೆಯಾಗದಿದ್ದರೆ ಪಾತ್ರೆಗಳ ಸದ್ದು. ಆಗ ನನಗೆ ಕಿವಿ ಚೆನ್ನಾಗಿತ್ತು.

ನಿಮ್ಮ ಅತ್ತೆಯ ವಿಷಯ ಬಂದದ್ದರಿಂದ ಹೇಳುತ್ತೇನೆ. ಅವಳು ನೂಲಿನ ಗಿರಣಿಯಲ್ಲಿದ್ದಾಗ ಒಂದು ಸಲ ಎದೆಯಲ್ಲಿ ನೀರು ತುಂಬಿಕೊಂಡು ಮಲಗಿದಳು. ಡಾಕ್ಟರು ಎಂಟು ವಾರ ವಿಶ್ರಾಂತಿ ಬರೆದುಕೊಟ್ಟರು. ಅವಳ ಸಂಬಳದಲ್ಲೂ ವಿಮೆಗೆ ಮುರಿಯುತ್ತಿದ್ದರು. ಅರ್ಜಿ ಹಾಕಲೇ ಎಂದು ಅವಳು ಕೇಳಿದಳು. ನಾನು ದುಡಿಯುತ್ತಿದ್ದೇನಲ್ಲ, ಗಂಡ ದುಡಿಯುವಾಗ ಹೆಂಡತಿಗೆ ಯಾರು ಕೊಡುತ್ತಾರೆ ಅಂದೆ. ಆಸ್ ಪರ್ ರೂಲ್ ಅಂತಲೂ ಸೇರಿಸಿದೆ. ಯಾವ ರೂಲು ಎಂದು ಅವಳೂ ಕೇಳಲಿಲ್ಲ. ನಾಲ್ಕನೆಯ ವಾರಕ್ಕೆ ಎದ್ದು ಕೆಲಸಕ್ಕೆ ಹೋದಳು. ಆಮೇಲೆ ಹನ್ನೆರಡು ವರ್ಷ ಗಟ್ಟಿಮುಟ್ಟಾಗಿಯೇ ಇದ್ದಳು, ಅದು ಬೇರೆ ಮಾತು. ಈಗ ಅಚ್ಚಿನಲ್ಲೇ ಓದಿದಾಗ, ಅಂದು ನಾನು ಅಂದಾಜಿನಲ್ಲಿ ಹೇಳಿದ್ದು ಸರಿಯೇ ಇತ್ತಲ್ಲ ಎಂದು ಮನಸ್ಸಿಗೆ ಒಂದು ಥರ ಹಗುರವಾಯಿತು. ಯಾಕೆ ಬರೆದೆನೋ ಇದನ್ನೆಲ್ಲ.

ಒಂದು ಉಪಾಯ ಹೊಳೆದಿದೆ. ಗುಬ್ಬಿಯ ಮಾಲೀಕರನ್ನು ಕೇಳಿ ಅವಳ ಕೆಲಸವನ್ನು ವಾರಕ್ಕೆ ಇಪ್ಪತ್ಮೂರು ಗಂಟೆಗೆ ಇಳಿಸಿಕೊಂಡರೆ ಹೇಗೆ? ರೂಲೂ ಉಳಿಯಿತು, ಕೆಲಸವೂ ಉಳಿಯಿತು. ಕಾಲೇಜು ಓದಿದ್ದಕ್ಕೆ ಇಷ್ಟಾದರೂ ಬೇಡವೇ.

ಇಲ್ಲಿ ಎಲ್ಲ ಕ್ಷೇಮ. ಪಕ್ಕದ ಮನೆಯ ದರ್ಜಿಯಮ್ಮ ನನ್ನ ಕೈಲಿ ಅಳತೆ ಪುಸ್ತಕಕ್ಕೆ ಬೈಂಡು ಹಾಕಿಸಿಕೊಂಡು, ಸವೆದ ಎರಡು ಅಂಗಿಗೆ ಹೊಸ ಕಾಲರು ಹಾಕಿಕೊಟ್ಟಳು. ಕನ್ನಡಿಯಲ್ಲಿ ನೋಡಿಕೊಂಡರೆ ಕತ್ತಿನವರೆಗೆ ನಾನು ಹೊಸಬ.

ನಿಮ್ಮ ಮಾವ

ಜೂನ್ ೨೪

ಮಾವನವರಿಗೆ,

ನಿನ್ನೆ ನಿಮ್ಮ ಮಗಳು ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದಳು.

ಸಾಗುತ್ತಿದೆ ಎಂದು ನಾನು ಬರೆದದ್ದು ಪೂರ್ತಿ ನಿಜವಲ್ಲ. ಕೂಗಿದ ದಿನಕ್ಕೆ ಕೂಲಿ ನನ್ನದು. ಅವಳ ಸಂಬಳ ಬಾಡಿಗೆಗೂ ಔಷಧಕ್ಕೂ ಸರಿಹೋಗುತ್ತದೆ, ಮುಂದೆ ಏನೂ ಉಳಿಯುವುದಿಲ್ಲ. ಎರಡು ವಾರದಿಂದ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದಾಳೆ. ನನಗೆ ಕಾಯಿಲೆ ಹಣ ಬಂದರೆ ಅದು ಅವಳ ಸಂಬಳಕ್ಕಿಂತ ಹೆಚ್ಚಂತೆ. ತಾನು ಮನೆಯಲ್ಲಿ ಕೂತರೆ ಅದು ಬರುತ್ತದಂತೆ. ನಾನು ಸ್ಲೇಟಿನ ಎರಡೂ ಬದಿ ಬೇಡ ಬೇಡ ಎಂದು ಬರೆದು ಮುಖಕ್ಕೆ ಹಿಡಿದೆ. ಒದ್ದೆ ಬಟ್ಟೆ ತಂದು ಒರೆಸಿದಳು.

ನಿಮ್ಮ ಇಪ್ಪತ್ಮೂರು ಗಂಟೆಯ ಮಾತನ್ನೂ ಕೇಳಿ ನೋಡಿದ್ದಾಳೆ. ಮಾಲೀಕರು, 'ಅರ್ಧ ಗಾಜು ಉಜ್ಜಿ ಅರ್ಧ ಬಿಟ್ಟರೆ ಯಾರು ಹಾಕಿಕೊಳ್ಳುತ್ತಾರಮ್ಮಾ' ಅಂದರಂತೆ. ಜುಲೈ ಇಪ್ಪತ್ಮೂರು ಕೊನೆಯ ದಿನ. ಅವಳ ಜಾಗಕ್ಕೆ ಒಬ್ಬ ಹೆಂಗಸನ್ನು ಮಾತಾಡಿಯಾಗಿದೆ, ಬರುವ ಸೋಮವಾರದಿಂದ ಪಕ್ಕದಲ್ಲಿ ಕೂತು ಕಲಿಯುತ್ತಾಳಂತೆ. ಒಮ್ಮೆ ಯಂತ್ರ ಬಿಟ್ಟರೆ ಮತ್ತೆ ಆ ಯಂತ್ರ ಇವಳಿಗೆ ಸಿಗುವುದಿಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ರಾತ್ರಿ ಊಟಕ್ಕೆ ಕೂತಾಗ ನನ್ನ ಕನ್ನಡಕ ತೆಗೆದುಕೊಂಡು ಅಂಚಿನ ಮೇಲೆ ಬೆರಳಾಡಿಸುತ್ತಿದ್ದಳು. ನಾನು ನೋಡದವನ ಹಾಗೆ ಅನ್ನ ಕಲಸಿದೆ.

ಇನ್ನೊಂದು ಸಲ ವಿಚಾರಿಸೋಣ ಎಂದು ಬರೆದು ತೋರಿಸಿದರೆ, 'ಅಪ್ಪ ಇಂಗ್ಲಿಷಿನಲ್ಲಿ ಓದಿ ಹೇಳಿದ್ದಾರೆ, ಅಪ್ಪ ಇಂಥದ್ದರಲ್ಲಿ ತಪ್ಪುವುದಿಲ್ಲ' ಅಂದಳು.

ನಾನೇ ಇಲ್ಲಿನ ಕಚೇರಿಗೆ ಹೋದರೆ ಸ್ಲೇಟು ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಅದಕ್ಕೂ ಸಿದ್ಧನಿದ್ದೇನೆ. ಆದರೆ ನೀವು ಓದಿದವರು. ದಯವಿಟ್ಟು ಇನ್ನೊಮ್ಮೆ ಹೋಗಿ ಕೇಳಿ. ರೂಲಿನಲ್ಲಿ ಎಲ್ಲಾದರೂ ಸಣ್ಣ ಕಿಂಡಿ ಇದೆಯೇ ನೋಡಿ. ಇಲ್ಲದಿದ್ದರೆ ನಾನು ಮುಂದಿನ ತಿಂಗಳೇ ಮಂಡಿಗೆ ಹೋಗಿ ಕೂಗುತ್ತೇನೆ, ಗಂಟಲು ಏನಾದರೂ ಆಗಲಿ. ಇದನ್ನು ಅವಳಿಗೆ ಹೇಳಿಲ್ಲ.

ನಿಮ್ಮ ಅಳಿಯ

ಜೂನ್ ೨೯

ಅಳಿಯಂದಿರೇ,

ಮೊದಲು ಮುಖ್ಯವಾದದ್ದು. ಗುಬ್ಬಿ ಕೆಲಸ ಬಿಡಬಾರದು. ಅವಳು ದುಡಿದರೂ ನಿಮಗೆ ಹಣ ಸಿಗುತ್ತದೆ. ನಾನು ಹೇಳಿದ್ದು ತಪ್ಪು. ಈ ಸಾಲು ಓದಿದ ಕೂಡಲೇ ಚಪ್ಪಲಿ ಮೆಟ್ಟಿ ಅವಳಿರುವಲ್ಲಿಗೆ ಹೋಗಿ. ಉಳಿದದ್ದನ್ನು ಬಂದು ಓದಬಹುದು.

ಈಗ ಉಳಿದದ್ದು.

ನಿಮ್ಮ ಕಾಗದ ಕೈಗೆ ಬಂದ ಗಳಿಗೆಗೇ ಕಚೇರಿಗೆ ಹೋದೆ. ನನ್ನ ಪ್ರತಿಯನ್ನು ಕೌಂಟರಿನ ಮೇಲಿಟ್ಟು ಆರನೆಯ ಪುಟ ತೆಗೆದು ತೋರಿಸಿದೆ. ಆ ಹೆಂಗಸು ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು.

'ಅಜ್ಜಾ, ಇದನ್ನು ಹೊಲಿದವರು ಯಾರು?'

'ನಾನೇ.'

'ಇದರ ತಲೆ ಎಲ್ಲಿ?'

'ಕತ್ತರಿಸಿದೆ.'

'ಯಾಕೆ?'

'ಅರ್ಧ ಇಂಚು ಉದ್ದವಿತ್ತಮ್ಮಾ.'

ಅವಳು ತಲೆಯ ಮೇಲೆ ಕೈಯಿಟ್ಟುಕೊಂಡಳು. ಒಳಗಿನಿಂದ ಹೊಸ ಹಾಳೆಗಳನ್ನು ತಂದು ಪಕ್ಕದಲ್ಲಿಟ್ಟಳು. ಅಳಿಯಂದಿರೇ, ಅವು ಎರಡು ಬೇರೆ ಬೇರೆ ಕರಪತ್ರ. ಎರಡಕ್ಕೂ ಬೇರೆ ಬೇರೆ ತಲೆಬರಹ. ಅಂಚು ಸರಿ ಮಾಡುವ ಚಟದಲ್ಲಿ ಎರಡನೆಯದರ ತಲೆಬರಹವನ್ನು ನನ್ನ ಕೈಯಾರೆ ಕತ್ತರಿಸಿ ಚೂರಿನ ಬುಟ್ಟಿಗೆ ಹಾಕಿದ್ದೆ. ಮೇಲಿಂದ ಒಂದರಿಂದ ಒಂಬತ್ತರವರೆಗೆ ನನ್ನದೇ ಪುಟಸಂಖ್ಯೆ ಬೇರೆ. ತಲೆ ಹೋದ ಮೇಲೆ ಅದು ಮೊದಲನೆಯದರದ್ದೇ ಬಾಲದಂತೆ ಕಂಡಿತು.

ಅವಳು ವಿವರಿಸಿದ್ದು ಹೀಗೆ. ಈ ಸಲ ಕೂಗಿ ವಿವರಿಸಿದಳು, ಸಾಲಿನಲ್ಲಿದ್ದವರಿಗೆಲ್ಲ ನನ್ನ ಪ್ರತಾಪ ಗೊತ್ತಾಯಿತು. ಮೊದಲ ಐದು ಪುಟ ನಿಮ್ಮಂಥವರಿಗೆ. ಕಾಯಿಲೆ ಬಿದ್ದವರು ತಾವೇ ವಿಮೆಗೆ ಕಟ್ಟಿದ್ದರೆ, ಕಟ್ಟಿದ ವಾರಗಳು ಸಾಕಷ್ಟಿದ್ದರೆ, ಅವರಿಗೆ ಸಿಗುವ ಹಣ ಅದು. ಅವರವರ ದುಡಿಮೆಯದ್ದು. ಮನೆಯಲ್ಲಿ ಹೆಂಡತಿ ದುಡಿಯಲಿ, ಅತ್ತೆ ದುಡಿಯಲಿ, ಮಾವ ಮೈ ಮುರಿದು ಬೈಂಡು ಹಾಕಲಿ, ಅವರು ಕೇಳುವುದೇ ಇಲ್ಲ. ಆರನೆಯ ಪುಟದಿಂದ ಶುರುವಾಗುವುದು ಬೇರೆ ನೆರವು. ವಿಮೆಗೆ ಕಟ್ಟದವರಿಗೆ ಅಥವಾ ಕಟ್ಟಿದ್ದು ಸಾಲದವರಿಗೆ, ಮನೆಯ ಪರಿಸ್ಥಿತಿ ನೋಡಿ ಕೊಡುವಂಥದ್ದು. ಗಂಡನ ಅಥವಾ ಹೆಂಡತಿಯ ಗಂಟೆ ಎಣಿಸುವುದು ಅಲ್ಲಿ ಮಾತ್ರ.

ನೀವು ಮಾಡಬೇಕಾದದ್ದು ಮೂರು. ಹಿಂದಿನ ವರ್ಷದಲ್ಲಿ ಇಪ್ಪತ್ತಾರು ವಾರವಾದರೂ ಕಟ್ಟಿದ್ದೀರೆಂದು ಮಂಡಿಯ ಸಂಘದಿಂದ ಚೀಟಿ ತನ್ನಿ. ಡಾಕ್ಟರ ಸರ್ಟಿಫಿಕೇಟು ಇಡಿ. ನಿಮ್ಮ ಹೆಸರಲ್ಲಿ ಅರ್ಜಿ ಹಾಕಿ. ಮಾತಾಡದೆ ಕೂಗುವ ಕೆಲಸ ಆಗುವುದಿಲ್ಲ ಎಂಬುದೇ ನಿಮ್ಮ ಕಾಯಿಲೆ, ಅದನ್ನು ಡಾಕ್ಟರು ಸ್ಪಷ್ಟವಾಗಿ ಬರೆಯಬೇಕಂತೆ. ಮಂಡಿಗೆ ಹೋಗಿ ಕೂಗುವ ಯೋಚನೆ ಬಿಡಿ. ಆಪರೇಷನ್ ಆದ ಗಂಟಲಿನಿಂದ ನಾನು ದುಡಿಸಿದೆ ಎಂದು ಆಗುವುದು ಬೇಡ.

ಅಷ್ಟು ಕೇಳಿ ನಾನು ಹೊರಟುಬರಬೇಕಿತ್ತು. ನಿಂತೆ. ಇನ್ನಾರದೋ ವಿಷಯ ಎಂಬಂತೆ ಕೇಳಿದೆ. ಇಪ್ಪತ್ತು ವರ್ಷದ ಹಿಂದೆ ಒಬ್ಬ ಹೆಂಗಸು ನೂಲಿನ ಗಿರಣಿಯಲ್ಲಿದ್ದಳು, ವಿಮೆಗೆ ಕಟ್ಟುತ್ತಿದ್ದಳು, ಗಂಡನಿಗೂ ಕೆಲಸವಿತ್ತು, ಅವಳಿಗೆ ಸಿಗುತ್ತಿತ್ತೇ ಎಂದು. ಕೌಂಟರಿನ ಹೆಂಗಸು ನನ್ನ ಮುಖ ನೋಡಿದಳು. ಕೂಗಲಿಲ್ಲ. ಚೀಟಿಯ ಮೇಲೆ ಬರೆದು ತೋರಿಸಿದಳು. ಆಗಲೂ ಇದೇ ಇತ್ತು ಅಜ್ಜಾ, ಸಿಗುತ್ತಿತ್ತು.

ಎಂಟು ವಾರ ಮಲಗಬಹುದಾಗಿದ್ದವಳು ನಾಲ್ಕಕ್ಕೆ ಎದ್ದಳು. ಅವತ್ತು ನಾನು ಓದಿಯೂ ಇರಲಿಲ್ಲ. ಸುಮ್ಮನೆ ಗಂಡ ಎಂಬ ಗತ್ತಿನಲ್ಲಿ ಹೇಳಿದ್ದೆ.

ಈ ಕೊನೆಯ ಪುಟ ಗುಬ್ಬಿಗೆ ತೋರಿಸಬೇಡಿ. ಕಾಗದವನ್ನು ಎಕ್ಸ್‌ಪ್ರೆಸ್ಸಿನಲ್ಲಿ ಹಾಕುತ್ತಿದ್ದೇನೆ.

ಮಾವ

ಜುಲೈ ೫

ಮಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ಮೊನ್ನೆ ಹತ್ತು ಗಂಟೆಗೆ ಬಂತು. ನೀವು ಹೇಳಿದ ಹಾಗೆ ಮೊದಲ ನಾಲ್ಕು ಸಾಲು ಓದಿ ಹೊರಟೆ. ಅರ್ಧ ದಾರಿಯಲ್ಲಿ ನೋಡಿಕೊಂಡರೆ ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ನಿಮ್ಮ ಮಗಳದ್ದು.

ಕಾರ್ಖಾನೆಯೊಳಗೆ ಯಂತ್ರ ಓಡುತ್ತಿತ್ತು. ಅವಳ ಬೆನ್ನು ನನ್ನ ಕಡೆಗೆ. ಓಡುವ ಚಕ್ರದ ಮುಂದೆ ಕೂತವರನ್ನು ಹಿಂದಿನಿಂದ ಮುಟ್ಟಬಾರದು, ಬೆರಳು ಹೋಗುತ್ತದೆ. ಕೂಗುವ ಹಾಗಿಲ್ಲ. ಇಡೀ ಮಂಡಿಗೆ ಕೇಳಿಸುವ ಹಾಗೆ ಕೂಗುತ್ತಿದ್ದವನು ಎಂಟಡಿ ದೂರದಲ್ಲಿರುವ ಹೆಂಡತಿಯನ್ನು ಕರೆಯಲಾರದೆ ಗೋಡೆಗೆ ಒರಗಿ ನಿಂತೆ. ಕೊನೆಗೆ ಅವಳು ಉಜ್ಜಿದ ಗಾಜನ್ನು ಬೆಳಕಿಗೆ ಹಿಡಿದು ತಿರುಗಿಸಿದಾಗ ಅದರೊಳಗಿಂದ ನಾನು ಕಂಡೆ. ತಲೆಕೆಳಗಾಗಿ ಕಂಡೆನಂತೆ.

ಸ್ಲೇಟಿನ ಮೇಲೆ ಬರೆದೇ ಇಟ್ಟುಕೊಂಡಿದ್ದೆ: ನೀನು ದುಡಿದರೂ ಸಿಗುತ್ತದೆ.

'ಯಾರು ಹೇಳಿದ್ದು?'

ನಿಮ್ಮಪ್ಪ ಎಂದು ಬರೆದೆ.

'ಸಿಗುವುದಿಲ್ಲ ಅಂದವರೂ ಅವರೇ ಅಲ್ಲವಾ?'

ಇದನ್ನೆಲ್ಲ ಬಳಪದಲ್ಲಿ ವಿವರಿಸಲು ಆಗುವುದಿಲ್ಲ. ಕಾಗದವನ್ನೇ ಕೊಟ್ಟೆ. ಗೋಡೆಗೆ ಒರಗಿ ನಿಂತಿದ್ದಾಗ ಉಳಿದದ್ದನ್ನೂ ಓದಿ, ಕೊನೆಯ ಪುಟ ಮಾತ್ರ ಜೇಬಿನಲ್ಲಿಟ್ಟುಕೊಂಡಿದ್ದೆ. ನೀವು ಎಷ್ಟು ಪುಟ ಬರೆಯುತ್ತೀರಿ ಎಂದು ನಿಮ್ಮ ಮಗಳಿಗೆ ಗೊತ್ತು. ಕೈ ಚಾಚಿ ನಿಂತಳು. ಕೊಡಲೇಬೇಕಾಯಿತು, ಕ್ಷಮಿಸಿ. ನಿಂತಲ್ಲೇ ಓದಿ ಮಡಿಚಿ ತನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಮಾಲೀಕರು ಸುಲಭಕ್ಕೆ ಒಪ್ಪಲಿಲ್ಲ. 'ಹೊಸಬಳಿಗೆ ಮಾತು ಕೊಟ್ಟಿದ್ದೇನೆ, ಎರಡು ಮಕ್ಕಳ ತಾಯಿ, ಬೇಡ ಅನ್ನಲಾ?' ಅಂದರು. ನಿಮ್ಮ ಮಗಳು ಮೂಲೆಯಲ್ಲಿ ಕೆಟ್ಟು ಕೂತಿರುವ ಹಳೆಯ ಯಂತ್ರವನ್ನು ತೋರಿಸಿದಳು. 'ಅದನ್ನು ರಿಪೇರಿ ಮಾಡಿಸಿ ಅವಳಿಗೆ ಕೊಡಿ. ಕಲಿಸುವುದು ನನ್ನ ಜವಾಬ್ದಾರಿ' ಅಂದಳು. ಅವರು ನಾಳೆ ಹೇಳುತ್ತೇನೆ ಅಂದರು. ಆ ರಾತ್ರಿ ನಾವಿಬ್ಬರೂ ಊಟ ಮಾಡಿದ ಶಾಸ್ತ್ರ ಮಾಡಿದೆವು. ಬೆಳಿಗ್ಗೆ ಅವಳು ಹೋದಾಗ ರಾಜೀನಾಮೆಯ ಕಾಗದ ಅವಳ ಸ್ಟೂಲಿನ ಮೇಲಿತ್ತಂತೆ. ಹಿಂಭಾಗದಲ್ಲಿ ರಿಪೇರಿಯವನ ಫೋನ್ ನಂಬರ್ ಬರೆದು, ನೀನೇ ಕರೆಸು ಎಂದಿದ್ದರಂತೆ.

ನಾನೂ ನಿನ್ನೆ ಅರ್ಜಿ ಹಾಕಿದೆ. ಸಂಘದ ಚೀಟಿಯಲ್ಲಿ ನನ್ನವು ನಲವತ್ತೊಂಬತ್ತು ವಾರ.

ಇನ್ನೊಂದು ಮಾತು. ನಿಮ್ಮ ಮಗಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಅಮ್ಮ ನಾಲ್ಕನೆಯ ವಾರಕ್ಕೆ ಎದ್ದು ಹೋದದ್ದು ಹಣಕ್ಕಲ್ಲ. ಅಪ್ಪ ದಿನಾ ಸಂಜೆ ಹಾಸಿಗೆಯ ಪಕ್ಕ ಕೂತು ಇಂಗ್ಲಿಷ್ ಪುಸ್ತಕದ ಅರ್ಧ ಪುಟ ಓದಿ ಅರ್ಥ ಹೇಳುತ್ತಿದ್ದರು. ಮುಂದೇನಾಯಿತು ಎಂದು ಕೇಳಿದರೆ ಗೊತ್ತಿಲ್ಲ ಅನ್ನುತ್ತಿದ್ದರು. ಇದಕ್ಕಿಂತ ಗಿರಣಿಯೇ ವಾಸಿ ಎಂದು ಅಮ್ಮ ನನ್ನ ಹತ್ತಿರ ಹೇಳಿದ್ದಳು.

ನಿಮ್ಮ ಅಳಿಯ

ಜುಲೈ ೧೨

ಅಳಿಯಂದಿರಿಗೆ,

ಕಾಗದ ಓದಿ ಇಡೀ ದಿನ ಬೀದಿಯಲ್ಲಿ ಓಡಾಡಿದೆ. ಕಂಡವರಿಗೆಲ್ಲ, ನನ್ನ ಮಗಳಿಗೆ ಎರಡು ಯಂತ್ರದ ಉಸ್ತುವಾರಿ ಎಂದು ಹೇಳಿದೆ. ಅವರು ಏನಂದರೋ ಕೇಳಿಸಲಿಲ್ಲ, ಒಳ್ಳೆಯದನ್ನೇ ಅಂದಿರುತ್ತಾರೆ.

ಅರ್ಧ ಪುಟ ಓದುತ್ತಿದ್ದದ್ದು ನಿಜ. ಮುಂದೇನಾಯಿತು ಎಂದು ಅವಳು ಕೇಳುತ್ತಿದ್ದದ್ದೂ ನಿಜ. ಉಳಿದದ್ದು ನನಗೆ ಗೊತ್ತಿಲ್ಲ. ಗುಬ್ಬಿಗೆ ಆಗ ಒಂಬತ್ತು ವರ್ಷ. ಆ ವಯಸ್ಸಿನ ಮಗುವಿನ ಹತ್ತಿರ ಅವಳಮ್ಮ ಹಾಗೆ ಹೇಳಿದ್ದಳೋ, ಈಗ ಏಪ್ರನ್ ಹಾಕಿಕೊಂಡು ನಿಂತಲ್ಲೇ ಇವಳಿಗೆ ಹೊಳೆಯಿತೋ. ನಾನು ಕೇಳುವುದಿಲ್ಲ. ನೀವೂ ಕೇಳಬೇಡಿ. ಆದರೆ ಓದಿದ ಮೇಲೆ ಒಳ್ಳೆಯ ನಿದ್ದೆ ಬಂತು.

ವಿಮಾ ಕಚೇರಿಗೆ ಮತ್ತೆ ಹೋಗಿದ್ದೆ, ಥ್ಯಾಂಕ್ಸ್ ಹೇಳಲು. ಆ ಹೆಂಗಸು ತನ್ನ ಹರಿದ ರಿಜಿಸ್ಟರು ಕೊಟ್ಟು ಬೈಂಡು ಹಾಕಿಕೊಡಿ ಅಂದಳು. ಒಂದು ಷರತ್ತು ಹಾಕಿದಳು, ಅಂಚಿಗೆ ಕೈ ಹಾಕಬಾರದು ಎಂದು. ಒರಟು ಅಂಚಿನಲ್ಲೇ ಕೊಟ್ಟೆ. ಎರಡು ದಿನ ನೆನಪಾದಾಗೆಲ್ಲ ಹಲ್ಲು ಜುಮ್ಮೆಂದಿತು.

ನಿಮ್ಮ ಮಾವ

ಜುಲೈ ೨೮

ಮಾವನವರಿಗೆ ನಮಸ್ಕಾರ.

ಮಂಜೂರಾಗಿದೆ. ಆಪರೇಷನ್ನಿನ ದಿನದಿಂದ ಲೆಕ್ಕ ಹಿಡಿದಿದ್ದಾರೆ. ಮಂಜೂರಾತಿ ಕಾಗದದಲ್ಲಿ ಮನೆಯಲ್ಲಿ ಬೇರೆ ದುಡಿಯುವವರು ಎಂದೊಂದು ಸಾಲಿದೆ. ಅದರ ಎದುರು ಉದ್ದಕ್ಕೆ ಗೀಟು ಎಳೆದು ಅನ್ವಯಿಸುವುದಿಲ್ಲ ಎಂದು ಬರೆದಿದ್ದಾರೆ. ನಿಮ್ಮ ಮಗಳು ಅದನ್ನು ಓದಿ, 'ಈ ಮನೆಯಲ್ಲಿ ನನಗೆ ಸಂಬಂಧಪಡದ ಒಂದು ವಿಷಯವಾದರೂ ಇದೆಯಲ್ಲ' ಎಂದು ಬುತ್ತಿ ತೆಗೆದುಕೊಂಡು ಹೊರಟಳು. ಈಗೀಗ ಹತ್ತು ನಿಮಿಷ ಮುಂಚೆಯೇ ಹೋಗುತ್ತಾಳೆ. ಹೊಸಬಳಿಗೆ ಉಜ್ಜುವ ಚಕ್ರಕ್ಕೆ ಬಿಡುವ ನೀರಿನ ಹದ ಇನ್ನೂ ಗೊತ್ತಾಗುತ್ತಿಲ್ಲವಂತೆ.

ನಾನು ಬಟ್ಟೆ ಒಗೆಯುತ್ತೇನೆ, ಸೊಪ್ಪು ಬಿಡಿಸುತ್ತೇನೆ, ಮಧ್ಯಾಹ್ನ ಮಲಗುತ್ತೇನೆ. ಮೊದಮೊದಲು ಮಲಗುವುದಕ್ಕೆ ನಾಚಿಕೆಯಾಗುತ್ತಿತ್ತು. ಈಗ ಆಗುವುದಿಲ್ಲ.

ಆಗಸ್ಟ್ ಹತ್ತಕ್ಕೆ ಡಾಕ್ಟರು ನೋಡಿ ಮಾತಾಡಬಹುದೋ ಇಲ್ಲವೋ ಹೇಳುತ್ತಾರೆ. ಆ ಹೊತ್ತಿಗೆ ನೀವು ಬಂದು ನಾಲ್ಕು ದಿನ ಇರಬೇಕೆಂದು ಇಬ್ಬರ ಆಸೆ.

ನಿಮ್ಮ ಅಳಿಯ

ಆಗಸ್ಟ್ ೧೬

ಅಳಿಯಂದಿರಿಗೆ,

ಸುಖವಾಗಿ ಬಂದು ಸೇರಿದೆ. ಬಸ್ಸಿನಲ್ಲಿ ಪಕ್ಕ ಕೂತವರು ದಾರಿಯುದ್ದಕ್ಕೂ ಏನೋ ಹೇಳಿದರು. ನಾನು ನನ್ನ ಅಳಿಯ ಮಗಳ ಕಥೆ ಹೇಳಿದೆ. ಇಬ್ಬರಿಗೂ ತೃಪ್ತಿಯಾಯಿತು.

ನಾಲ್ಕು ದಿನ ಹೇಗೆ ಹೋಯಿತೋ ತಿಳಿಯಲಿಲ್ಲ. ಆದರೆ ಒಂದು ಸಂಗತಿ ಕೇಳದೆ ಇರಲಾರೆ. ಡಾಕ್ಟರು ಬೆಳಿಗ್ಗೆ ಹನ್ನೊಂದಕ್ಕೇ ಅಪ್ಪಣೆ ಕೊಟ್ಟರು, ಮೆಲ್ಲಗೆ, ಒಂದೆರಡು ಮಾತು ಆಡಬಹುದು ಎಂದು. ಮನೆಗೆ ಬಂದು ಎದುರಿಗೇ ಕೂತು, ಏನಾದರೂ ಆಡಿ ನೋಡೋಣ ಅಂದೆ. ನೀವು ಬೇಡವೆಂದು ತಲೆಯಾಡಿಸಿದಿರಿ. ಟೈಲರ್ ಮೇಲೆ ಬಂದು ಕೇಳಿದರು, ಅವರಿಗೂ ತಲೆಯಾಡಿಸಿದಿರಿ. ಭಯವಿರಬೇಕು ಅಂದುಕೊಂಡೆ. ದನಿ ಹೊರಡದೆ ಹೋದರೆ ಎಂಬ ಭಯ ನನಗೇ ಇತ್ತು. ಊಟವಾಯಿತು. ಮೂರು ಗಂಟೆಯಾಯಿತು, ಐದಾಯಿತು. ನೀವು ಸ್ಲೇಟು ಗೋಡೆಗೆ ತೂಗುಹಾಕಿ ಕಿಟಕಿಯ ಹತ್ತಿರ ಕೂತಿರಿ.

ಆರೂವರೆಗೆ ಗುಬ್ಬಿ ಬಂದಳು. ಕೈಯ ತುಂಬ ಗಾಜಿನ ಬಿಳಿ ಪುಡಿ. ಬಾಗಿಲಲ್ಲಿ ಒಂದು ಚಪ್ಪಲಿ ಬಿಟ್ಟಿದ್ದಳು, ಇನ್ನೊಂದು ಬಿಡಬೇಕು. ಆಗ ನಿಮ್ಮ ತುಟಿ ಅಲ್ಲಾಡಿತು. ಅವಳು ಹಾಗೇ ಒಂಟಿಗಾಲಲ್ಲಿ ನಿಂತುಬಿಟ್ಟಳು. ಆಮೇಲೆ ಅವಳ ತುಟಿಯೂ ಅಲ್ಲಾಡಿತು. ನೀವಿಬ್ಬರೂ ನಕ್ಕಿರಿ. ನಾನೂ ಎಲ್ಲ ಕೇಳಿಸಿಕೊಂಡವನಂತೆ ನಕ್ಕೆ. ನಿಜ ಹೇಳಬೇಕೆಂದರೆ ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ಇನ್ನೊಮ್ಮೆ ಕೂಗಿ ಹೇಳಿ ಎನ್ನೋಣವೆಂದರೆ, ನಿಮ್ಮ ಗಂಟಲು.

ಹತ್ತು ವಾರ ಇಟ್ಟುಕೊಂಡ ಮಾತು. ದೊಡ್ಡದೇ ಇರಬೇಕು. ಏನಂದಿರಿ, ಅವಳೇನಂದಳು, ಎರಡು ಸಾಲು ಬರೆದು ಹಾಕಿ.

ನಿಮ್ಮ ಮಾವ

ಆಗಸ್ಟ್ ೨೦

ಮಾವನವರಿಗೆ,

ನಾನಂದದ್ದು: ಬಂದೆಯಾ.

ಅವಳಂದದ್ದು: ಬಂದೆ. ಅಪ್ಪನಿಗೆ ಟೀ ಕೊಟ್ಟಿರಾ?

ಕೊಟ್ಟಿರಲಿಲ್ಲ. ಕ್ಷಮಿಸಿ.

ನಿಮ್ಮ ಅಳಿಯ